ಎಳೆಯುವ ಗಾಡಿ, ತಡೆಯುವ ಬ್ರೇಕು



2024ರಲ್ಲಿ ರೋಬಸ್ಟಾ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲೆ ನಮ್ಮ ಸದಸ್ಯರ ಅಂಗಳಗಳಲ್ಲಿ ಹೊಸ ಗಾಡಿಗಳು ಕಾಣತೊಡಗಿವೆ. ತಪ್ಪೇನೂ ಇಲ್ಲ. ವರ್ಷಗಟ್ಟಲೆ ಸಾಲದ ಕಂತು ಕಟ್ಟಿದ ಕೈ ಒಮ್ಮೆ ತನಗಾಗಿ ಖರ್ಚು ಮಾಡಿದರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಸಂಘದ ಕಚೇರಿಯ ಜಗಲಿಯಲ್ಲಿ ಈಗ ಕೇಳಿಬರುವುದು ಒಂದೇ ಮಾತು: “ಡೀಸೆಲ್ ಪಿಕಪ್‌ಗಳಲ್ಲಿ ಯಾವುದು ಒಳ್ಳೆಯದು? ಟ್ರೇಲರ್ ಕಟ್ಟಿದರೆ ಯಾವುದು ಹೆಚ್ಚು ಎಳೆಯುತ್ತದೆ?” ಮೊದಲನೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಎರಡನೆಯದು ಪ್ರಶ್ನೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳು. ಕಣದಲ್ಲಿ ಒಣಗಿದ ಚೆರಿ ಮೂಟೆಯಾಗಿತ್ತು. ಅಕಾಲದ ಮಳೆ ಬಿದ್ದು ಮಣ್ಣಿನ ರಸ್ತೆ ಜಾರುತ್ತಿತ್ತು. ಪಿಕಪ್‌ನಲ್ಲಿ ಇಪ್ಪತ್ತು ಮೂಟೆ, ಹಿಂದೆ ಕಟ್ಟಿದ ಟ್ರೇಲರ್‌ನಲ್ಲಿ ಇಪ್ಪತ್ತೈದು. ಏರು ಹತ್ತುವಾಗ ಗಾಡಿ ಮುಲುಕಲೂ ಇಲ್ಲ, “ಏನು ಎಳೆತ!” ಎಂದು ನಾನೇ ಹೊಗಳಿದೆ. ಗುಡ್ಡ ದಾಟಿ ಇಳಿಜಾರಿಗೆ ಬಂದು ಬ್ರೇಕು ಒತ್ತಿದಾಗ ಪಿಕಪ್ ನಿಧಾನವಾಯಿತು, ಟ್ರೇಲರ್ ನಿಧಾನವಾಗಲಿಲ್ಲ. ಅದು ಹಿಂದಿನಿಂದ ನೂಕಿ, ಗಾಡಿಯನ್ನು ಅಡ್ಡ ತಿರುಗಿಸಿ, ತಾನು ಚರಂಡಿಗೆ ಮಗುಚಿತು. ಮೂಟೆಗಳ ಮೇಲೆ ಕುಳಿತಿದ್ದ ನಮ್ಮ ಆಳು ಹಾರಿಕೊಂಡು ಜೀವ ಉಳಿಸಿಕೊಂಡ; ಕಾಲು ಎರಡು ಕಡೆ ಮುರಿಯಿತು. ಇಂದಿಗೂ ಅವನು ಕುಂಟುತ್ತಲೇ ನಡೆಯುತ್ತಾನೆ. ಗಾಡಿಯ ಕಂಪನಿಯದು ಇದರಲ್ಲಿ ಏನೂ ತಪ್ಪಿರಲಿಲ್ಲ. ಅವನನ್ನು ಅಲ್ಲಿ ಕೂರಿಸಿದವನು ನಾನು, ಬ್ರೇಕಿಲ್ಲದ ಟ್ರೇಲರ್‌ಗೆ ಅಷ್ಟು ಭಾರ ಹೇರಿದವನೂ ನಾನು.

ಕಾಲು ಟನ್ನಿನ ಟ್ರೇಲರ್

ಮಲೆನಾಡಿನಲ್ಲಿ ಟ್ರೇಲರ್ ಎಳೆಯುವ ಅಭ್ಯಾಸ ಜೀಪಿನ ಕಾಲದಿಂದ ಬಂದದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಜೀಪುಗಳು ತೋಟಗಳಿಗೆ ಬಂದವು. 1947ರಿಂದ ಮಹೀಂದ್ರದವರು ವಿಲ್ಲಿಸ್ ಜೀಪನ್ನು ಇಲ್ಲಿಯೇ ಜೋಡಿಸತೊಡಗಿದರು. ಸೈನ್ಯದ ಜೀಪಿಗೆಂದು ಮಾಡಿದ್ದ ಪುಟ್ಟ ಟ್ರೇಲರ್‌ನ ಹೆಸರೇ ‘ಕಾಲು ಟನ್ನಿನ ಟ್ರೇಲರ್’. ಅಂದರೆ ನಮ್ಮ 50 ಕಿಲೋ ಲೆಕ್ಕದಲ್ಲಿ ಐದು ಮೂಟೆ. ಅದಕ್ಕೆ ನಿಲ್ಲಿಸಿದಾಗ ಹಾಕುವ ಕೈಬ್ರೇಕು ಬಿಟ್ಟರೆ ಓಡುವಾಗ ಹಿಡಿಯುವ ಬ್ರೇಕು ಇರಲಿಲ್ಲ. ಐದು ಮೂಟೆಗೆ ಅದು ನಡೆಯಿತು. ನಾವು ಕಾಲಕ್ರಮದಲ್ಲಿ ಪೆಟ್ಟಿಗೆಯನ್ನು ಉದ್ದ ಮಾಡಿದೆವು, ಪಟ್ಟಿಯ ಮೇಲೆ ಪಟ್ಟಿ ಹಾಕಿ ಸ್ಪ್ರಿಂಗು ಗಟ್ಟಿ ಮಾಡಿದೆವು, ದೊಡ್ಡ ಟೈರು ಹಾಕಿದೆವು. ಬ್ರೇಕು ಮಾತ್ರ ಹಾಕಲಿಲ್ಲ.

ಹಿಂದೆ ಎತ್ತಿನ ಗಾಡಿಯವನು ಸಹ ಇಳಿಜಾರು ಬಂದರೆ ಕೆಳಗಿಳಿದು ಚಕ್ರಕ್ಕೆ ಮರದ ತಡೆ ಒತ್ತುತ್ತಿದ್ದ. ಭಾರವನ್ನೆಲ್ಲ ಎತ್ತಿನ ಕತ್ತಿನ ಮೇಲೆ ಬಿಡುತ್ತಿರಲಿಲ್ಲ. ಡೀಸೆಲ್ ಎಂಜಿನ್ನು ಬಂದಮೇಲೆ ನಾವು ಆ ಬುದ್ಧಿಯನ್ನು ಬಿಟ್ಟೆವು.

ಬೆಂಗಳೂರಿನಲ್ಲಿ ಕಂಡದ್ದು

ಅಪಘಾತವಾದ ಮೇಲೆ ಟ್ರೇಲರ್‌ಗೆ ಬ್ರೇಕು ಹಾಕಿಸಲು ಬೆಂಗಳೂರಿಗೆ ಹೋದೆ. ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ವಸತಿ ಸಮುಚ್ಚಯದ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಟೊಯೋಟಾ ಹೈಲಕ್ಸ್, ಒಂದು ಇಸುಜು ವಿ-ಕ್ರಾಸ್ ನಿಂತಿದ್ದವು. “ಅಪ್ಪಾ, ತೋಟಕ್ಕೆ ಇಂಥದ್ದು ತಗೊಳ್ಳಿ” ಎಂದ. ನೋಡಲು ಭವ್ಯವಾದ ಗಾಡಿಗಳೇ. ಆದರೆ ಎರಡರ ಹಿಂದಿನ ಪೆಟ್ಟಿಗೆಯಲ್ಲೂ ಒಂದು ಗೀರು ಇರಲಿಲ್ಲ.

ಮರುದಿನ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬಂದು ಪೀಣ್ಯಕ್ಕೆ ಹೋದೆ. 1970ರ ದಶಕದ ಕೊನೆಯಲ್ಲಿ ಬೆಳೆದ ಈ ವಸಾಹತು ಏಷ್ಯದ ಅತಿ ದೊಡ್ಡ ಸಣ್ಣ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಒಂದು ಶೆಡ್ಡಿನಲ್ಲಿ ಎರಕ, ಪಕ್ಕದಲ್ಲಿ ಲೇತು, ಅದರಾಚೆ ಗ್ರೈಂಡಿಂಗು, ಮತ್ತೊಂದು ಬೀದಿಯಲ್ಲಿ ಬಣ್ಣ. ಒಂದೇ ಬಿಡಿಭಾಗ ನಾಲ್ಕು ಶೆಡ್ಡು ಸುತ್ತಿ ತಯಾರಾಗುತ್ತದೆ. ಅದನ್ನು ಹೊತ್ತು ತಿರುಗುವುದು ನಜ್ಜುಗುಜ್ಜಾದ ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾ ಏಸ್. ನನ್ನ ಡ್ರಮ್ಮನ್ನು ಲೇತಿಗೆ ಹಾಕಿದ ಶೆಡ್ಡಿನ ಮಾಲೀಕರನ್ನು ಕೇಳಿದೆ: “ನಿಮ್ಮ ಗಾಡಿ ಎಷ್ಟು ಮೈಲೇಜು ಕೊಡುತ್ತದೆ?” ಅವರು ನಕ್ಕರು. “ಸಾರ್, ಮೈಲೇಜು ಆಮೇಲೆ ನೋಡೋಣ. ವರ್ಷದಲ್ಲಿ ಎಷ್ಟು ದಿನ ನಿಂತಿತ್ತು ಅಂತ ಕೇಳಿ. ಗಾಡಿ ಒಂದು ದಿನ ನಿಂತರೆ ನನ್ನ ಆರ್ಡರು ಪಕ್ಕದ ಶೆಡ್ಡಿಗೆ ಹೋಗುತ್ತೆ.”

ಬಾಳಿಕೆ ಎಂದರೆ ಇದೇ. ನಮಗೂ ಕುಯಿಲಿನ ಕಾಲದಲ್ಲಿ ಗಾಡಿ ಮೂರು ದಿನ ನಿಂತರೆ, ಕುಯ್ದ ಹಣ್ಣು ಗದ್ದೆಯಂಚಿನಲ್ಲೇ ಹುಳಿಯುತ್ತದೆ. 1990ರ ದಶಕದಲ್ಲಿ, 1996ರ ಹೊತ್ತಿಗೆ ಪೂರ್ತಿಯಾಗಿ, ಕಾಫಿ ಮಂಡಲಿಯ ಪೂಲ್ ವ್ಯವಸ್ಥೆ ಹೋಗಿ ಮುಕ್ತ ಮಾರುಕಟ್ಟೆ ಬಂತು. ಅಂದಿನಿಂದ ಒಳ್ಳೆಯ ಧಾರಣೆ ಇದ್ದ ದಿನ ಮಾಲು ಸಾಗಿಸಬಲ್ಲವನಿಗೇ ಲಾಭ.

ಗಾಡಿಗಳ ತುಲನೆ

ಈಗ ಗಾಡಿಗಳ ವಿಚಾರ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ನಮ್ಮ ದೇಶಕ್ಕೆ ಬಂದದ್ದು 2022ರಲ್ಲಿ, ಸುಮಾರು 34 ಲಕ್ಷ ರೂ. ಆರಂಭಿಕ ಬೆಲೆಗೆ. 2.8 ಲೀಟರಿನ ಎಂಜಿನ್ನು, 204 ಅಶ್ವಶಕ್ತಿ, ಗೇರು ಹಾಕುವ ಮಾದರಿಯಲ್ಲಿ 420 ನ್ಯೂಟನ್ ಮೀಟರ್ ತಿರುಚುಬಲ, ನಾಲ್ಕು ಚಕ್ರಕ್ಕೂ ಎಳೆತ. 2016ರಲ್ಲಿ ಬಂದ ವಿ-ಕ್ರಾಸ್ ಆಂಧ್ರದ ಶ್ರೀ ಸಿಟಿಯಲ್ಲಿ ತಯಾರಾಗುತ್ತದೆ, ಅದರ 1.9 ಲೀಟರಿನ ಎಂಜಿನ್ನಿಗೆ 360 ನ್ಯೂಟನ್ ಮೀಟರ್. ಬೊಲೆರೊ ಪಿಕಪ್ ಸಾಲಿನ 2.5 ಲೀಟರಿನ ಎಂಜಿನ್ನಿಗೆ 200ರ ಆಸುಪಾಸು, ಯೋಧದ 2.2 ಲೀಟರಿನ ಎಂಜಿನ್ನಿಗೆ 250.

ಇಷ್ಟು ನೋಡಿದರೆ ಹೈಲಕ್ಸೇ ಗೆದ್ದಿತು ಎನ್ನಬೇಕು. ಆದರೆ ಭಾರದ ಅಂಕಿ ನೋಡಿ. ಐದು ಜನ ಕೂರುವ ಹೈಲಕ್ಸ್‌ಗೆ ಇಲ್ಲಿ ನಿಗದಿಯಾದ ಹೊರೆ ಅರ್ಧ ಟನ್ನಿಗೂ ಕಡಿಮೆ. ಅದರ ಮೂರನೆಯ ಒಂದು ಭಾಗದಷ್ಟು ಬೆಲೆಯ ಬೊಲೆರೊ ಪಿಕಪ್‌ಗಳಿಗೆ ಮಾದರಿಗೆ ತಕ್ಕಂತೆ ಒಂದೂಕಾಲು ಟನ್ನಿನಿಂದ ಎರಡು ಟನ್ನಿನವರೆಗೆ. 2022ರಲ್ಲಿ ಬಂದ ಯೋಧ 2.0 ಗಾಡಿಗೂ ಎರಡು ಟನ್ನು. ಮೂಟೆಯ ಲೆಕ್ಕದಲ್ಲಿ ಒಂದಕ್ಕೆ ಒಂಬತ್ತು, ಇನ್ನೊಂದಕ್ಕೆ ಇಪ್ಪತ್ತೈದರಿಂದ ನಲವತ್ತು. ಹತ್ತು ಎಕರೆಯೊಳಗಿನ ಬೆಳೆಗಾರನಿಗೆ ಟ್ರೇಲರ್‌ನ ಗೊಡವೆಯೇ ಇಲ್ಲದೆ ಕೆಲಸ ಮುಗಿಸುವ ಗಾಡಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಪೀಣ್ಯದ ಗಾಡಿಯನ್ನು ಕಣ್ಣು ಮುಚ್ಚಿ ತರಬಾರದು. ಅಲ್ಲಿಯದು ಟಾರು ರಸ್ತೆ, ಸಮತಟ್ಟು. ಹಿಂದಿನ ಚಕ್ರಕ್ಕೆ ಮಾತ್ರ ಎಳೆತವಿರುವ ಪಿಕಪ್ ಖಾಲಿ ಇದ್ದಾಗ ನಮ್ಮ ಮಳೆಗಾಲದ ಏರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಮನೆಗೆ ಮಣ್ಣಿನ ರಸ್ತೆಯೇ ಗತಿ ಎನ್ನುವವರು ಬೊಲೆರೊ ಕ್ಯಾಂಪರ್‌ನಲ್ಲಾಗಲಿ ಯೋಧದಲ್ಲಾಗಲಿ ನಾಲ್ಕು ಚಕ್ರದ ಎಳೆತದ ಮಾದರಿಯನ್ನು ಕೇಳಿ ಪಡೆಯುವುದು ಮೇಲು. ಹೊರೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಇನ್ನೊಂದು ಎಚ್ಚರಿಕೆ. ಹಿಂದೆ ಮೈಕೋ ಪಂಪು ಇದ್ದ ಎಂಜಿನ್ನನ್ನು ಊರ ಮೇಸ್ತ್ರಿಯೇ ಬಿಚ್ಚಿ ಜೋಡಿಸುತ್ತಿದ್ದ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದಮೇಲೆ ಆ ಕಾಲ ಹೋಯಿತು. ಈಗಿನ ಪಂಪು ಅಪಾರ ಒತ್ತಡದಲ್ಲಿ ಕೆಲಸ ಮಾಡುತ್ತದೆ; ಡೀಸೆಲ್‌ನಲ್ಲಿ ನೀರಿನ ಹನಿಯಿದ್ದರೂ ಇಂಜೆಕ್ಟರು ಕೆಡುತ್ತದೆ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲ್ ಹಾಕಬೇಡಿ; ಫಿಲ್ಟರಿನ ನೀರನ್ನು ಆಗಾಗ್ಗೆ ಇಳಿಸಿ. ಹಲವು ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇದೆ. ಆ ಮಸಿ ಉರಿದುಹೋಗಬೇಕಾದರೆ ಗಾಡಿ ಸ್ವಲ್ಪ ಹೊತ್ತು ಬಿಸಿಯಾಗಿ, ಒಂದೇ ವೇಗದಲ್ಲಿ ಓಡಬೇಕು. ಕಣದಿಂದ ಗೋದಾಮಿಗೆ, ಗೋದಾಮಿನಿಂದ ಕಣಕ್ಕೆ ಮಾತ್ರ ಓಡಿಸಿದರೆ ಜರಡಿ ಕಟ್ಟುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ. ಕೊಳ್ಳುವ ಮುನ್ನ ನಿಮ್ಮ ತಾಲ್ಲೂಕಿನಲ್ಲಿ ಆ ಗಾಡಿಯ ಬಿಡಿಭಾಗ ಸಿಗುತ್ತದೆಯೇ, ದೋಷ ಓದುವ ಯಂತ್ರ ಯಾರ ಬಳಿ ಇದೆ ಎಂದು ವಿಚಾರಿಸಿ.

ಅದೇ ಗಾಡಿ, ಎರಡು ಅಂಕಿ

ಎಳೆತಕ್ಕೆ ಬರೋಣ. ಹೈಲಕ್ಸ್ 3,500 ಕಿಲೋ ಎಳೆಯುತ್ತದೆ ಎಂದು ಹೇಳುವವರುಂಟು. ಅದು ಆಸ್ಟ್ರೇಲಿಯದ ಅಂಕಿ, ಸುಳ್ಳಲ್ಲ. ಆದರೆ ಅದೇ ಗಾಡಿಗೆ ಅಲ್ಲಿ ಇನ್ನೊಂದು ಅಂಕಿಯೂ ಇದೆ. ಟ್ರೇಲರ್‌ಗೆ ತನ್ನದೇ ಬ್ರೇಕು ಇದ್ದರೆ 3,500; ಇಲ್ಲದಿದ್ದರೆ ಕೇವಲ 750 ಕಿಲೋ. ಎಂಜಿನ್ನು ಅದೇ, ತಿರುಚುಬಲ ಅದೇ, ವ್ಯತ್ಯಾಸವೆಲ್ಲ ಬ್ರೇಕಿನದು. ಯೂರೋಪಿನಲ್ಲೂ ಬ್ರೇಕಿಲ್ಲದ ಟ್ರೇಲರ್‌ಗೆ 750 ಕಿಲೋ ಮಿತಿ. ಅದರಲ್ಲಿ ಟ್ರೇಲರ್‌ನ ಸ್ವಂತ ತೂಕ ಸೇರಿದೆ. ನಮ್ಮ ಕಬ್ಬಿಣದ ಟ್ರೇಲರ್ 350 ಕಿಲೋ ತೂಗಿದರೆ ಉಳಿಯುವುದು ಎಂಟು ಮೂಟೆ. ನಾನು ಹೇರಿದ್ದು ಇಪ್ಪತ್ತೈದು.

ಪೀಣ್ಯದಲ್ಲಿ ನನಗೆ ಮಾಡಿಕೊಟ್ಟ ಏರ್ಪಾಡು ಸರಳ. ಮುಂದಿನ ಗಾಡಿ ನಿಧಾನಿಸಿದೊಡನೆ ಟ್ರೇಲರ್ ಮುಂದಕ್ಕೆ ನೂಕುತ್ತದೆ. ಆ ನೂಕುವಿಕೆಯೇ ಮೂಕಿಯಲ್ಲಿರುವ ಸರಳನ್ನು ಹಿಂದಕ್ಕೆ ಒತ್ತಿ ಟ್ರೇಲರ್‌ನ ಚಕ್ರಗಳಿಗೆ ಬ್ರೇಕು ಹಿಡಿಸುತ್ತದೆ. ಜೊತೆಗೆ, ಕೊಂಡಿ ಕಳಚಿದರೆ ಹಿಡಿದು ನಿಲ್ಲಿಸಲು ಸರಪಳಿ. ಇದಿಷ್ಟಕ್ಕೆ ಆದ ಖರ್ಚು ಆಸ್ಪತ್ರೆಗೆ ಕಟ್ಟಿದ ಹಣಕ್ಕಿಂತ ಬಹಳ ಕಡಿಮೆ.

ಭಾರ ಹೇರುವ ಕ್ರಮವೂ ಮುಖ್ಯ. ಮೂಟೆಗಳನ್ನು ಗಾಲಿಯ ಅಚ್ಚಿಗಿಂತ ತುಸು ಮುಂದಕ್ಕೆ ಜೋಡಿಸಬೇಕು. ಒಟ್ಟು ತೂಕದಲ್ಲಿ ಹತ್ತನೆಯ ಒಂದು ಪಾಲು ಕೊಂಡಿಯ ಮೇಲೆ ಬಿದ್ದರೆ ಸರಿ. ಹಿಂದೆ ಭಾರವಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಯಾವ ಗೇರಿನಲ್ಲಿ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರು ಶಿರಾಡಿಯಲ್ಲಾಗಲಿ ಸಂಪಾಜೆಯಲ್ಲಾಗಲಿ ಒಂದು ದಿನ ಬ್ರೇಕು ಸುಟ್ಟುಕೊಳ್ಳುತ್ತಾರೆ.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ; ಅದಕ್ಕೆ ಪ್ರತ್ಯೇಕ ನೋಂದಣಿ, ವಿಮೆ ಬೇಕು. ಹೆಚ್ಚು ಭಾರಕ್ಕೆ 2019ರ ತಿದ್ದುಪಡಿಯಂತೆ ಕಾಯಿದೆಯಲ್ಲಿರುವ ದಂಡ 20,000 ರೂ., ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ಲಘು ವಾಹನದ ಲೈಸೆನ್ಸು ಇದ್ದವರು 7,500 ಕಿಲೋದೊಳಗಿನ ಸರಕು ಗಾಡಿ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಈ ಬಗ್ಗೆ ಹೆದರಬೇಕಾಗಿಲ್ಲ. ಮೂಟೆಗಳ ಮೇಲೆ ಆಳುಗಳನ್ನು ಕೂರಿಸುವುದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ.

ಸಂಘಕ್ಕೆ ಒಂದು ಅರಿಕೆ

ಒಬ್ಬೊಬ್ಬರೇ ಪೀಣ್ಯಕ್ಕೆ ಅಲೆಯುವ ಬದಲು ಸಂಘದ ಆಡಳಿತ ಮಂಡಳಿ ಎರಡು ಕೆಲಸ ಮಾಡಬಹುದು. ಕುಯಿಲಿಗೆ ಮುಂಚೆ, ಅಕ್ಟೋಬರಿನಲ್ಲಿ, ಸದಸ್ಯರ ಟ್ರೇಲರ್‌ಗಳನ್ನೆಲ್ಲ ಒಂದೆಡೆ ಕರೆಸಿ ಕೊಂಡಿ, ಗಾಲಿ, ದೀಪ ಪರೀಕ್ಷಿಸುವ ಒಂದು ದಿನ ಇಡಲಿ. ಬ್ರೇಕು ಹಾಕಿಸಲು ಒಪ್ಪುವ ಹತ್ತು ಹದಿನೈದು ಜನರ ಬೇಡಿಕೆಯನ್ನು ಒಟ್ಟುಗೂಡಿಸಿ, ಸಾರಿಗೆ ಇಲಾಖೆಯ ಒಪ್ಪಿಗೆ ಇರುವ ತಯಾರಕರಿಂದ ಒಂದೇ ಅಳತೆಯಲ್ಲಿ ಮಾಡಿಸಲಿ. ಹಣ ಹೊಂದದವರಿಗೆ ಮುಂದಿನ ಬೆಳೆಯಲ್ಲಿ ಮುರಿದುಕೊಳ್ಳುವ ಕರಾರಿನ ಮೇಲೆ ಮುಂಗಡ ಕೊಡಲಿ. ಗೊಬ್ಬರಕ್ಕೆ ಕೊಡುವ ಸಂಘ ಇದಕ್ಕೂ ಕೊಡಬಹುದು.

ಹೈಲಕ್ಸ್ ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. ಹಸನಾದ ಗಾಡಿ, ನನ್ನ ತಕರಾರಿಲ್ಲ. ನಾನು ಮಾತ್ರ ಹಳೆಯ ಪಿಕಪ್ಪನ್ನೇ ಇಟ್ಟುಕೊಂಡಿದ್ದೇನೆ. ಟ್ರೇಲರ್‌ಗೆ ಬ್ರೇಕಿದೆ, ಹದಿನೈದು ಮೂಟೆಗಿಂತ ಹೆಚ್ಚು ಹೇರುವುದಿಲ್ಲ. ನಮ್ಮ ಆಳು ಈಗ ಮುಂದೆ ನನ್ನ ಪಕ್ಕದಲ್ಲಿ ಕೂರುತ್ತಾನೆ. ಇಳಿಜಾರು ಬಂದಾಗ ಅವನ ಕೈ ಇಂದಿಗೂ ತಾನಾಗಿ ಬಾಗಿಲ ಹಿಡಿಯನ್ನು ಹುಡುಕುತ್ತದೆ. ನಿಮ್ಮ ಟ್ರೇಲರ್‌ನ ಮೇಲೆ ಕೂರುವವರಿಗೆ ಆ ಅಭ್ಯಾಸ ಬಾರದಿರಲಿ ಎಂದು ಇಷ್ಟು ಬರೆದೆ.

— ಒಬ್ಬ ಸಣ್ಣ ಬೆಳೆಗಾರ