ಕೊಬ್ಬು ಉರಿಯಲಿ, ಆದರೆ ಎಲ್ಲಿ?

ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರು ಒಂದು ವಿಚಿತ್ರ ಕಾಯಿಲೆಗೆ ಬೀಳತೊಡಗಿದರು. ವಿಪರೀತ ಬೆವರು, ಏರುವ ಜ್ವರ, ಇಳಿಯುತ್ತಲೇ ಹೋಗುವ ತೂಕ. ಕೆಲವರು ಸತ್ತೇಹೋದರು. ಸ್ಫೋಟಕಕ್ಕೆ ಬೆರೆಸುತ್ತಿದ್ದ ಡೈನೈಟ್ರೊಫೀನಾಲ್, ಅಂದರೆ ಡಿಎನ್‌ಪಿ ಎಂಬ ಹಳದಿ ಪುಡಿ ಅವರ ಮೈ ಸೇರುತ್ತಿತ್ತು.

1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರಿಸ್ ಟೈಂಟರ್ ಮತ್ತು ವಿಂಡ್ಸರ್ ಕಟಿಂಗ್ ಅದೇ ಪುಡಿಯನ್ನು ಅಳತೆಯಲ್ಲಿ ಬೊಜ್ಜಿನವರಿಗೆ ಕೊಟ್ಟು ನೋಡಿದರು. ಪಥ್ಯವಿಲ್ಲದೆ ವಾರಕ್ಕೆ ಕಿಲೋ ಆಸುಪಾಸು ತೂಕ ಇಳಿಯಿತು. ಸುದ್ದಿ ಹಬ್ಬಲು ಹೊತ್ತಾಗಲಿಲ್ಲ. ವರ್ಷ ಒಂದೂವರೆ ವರ್ಷದೊಳಗೆ ಸುಮಾರು ಒಂದು ಲಕ್ಷ ಅಮೆರಿಕನ್ನರು ಅದನ್ನು ನುಂಗಿದ್ದರು, ಎಷ್ಟೋ ಮಂದಿ ವೈದ್ಯರ ಚೀಟಿಯೂ ಇಲ್ಲದೆ. ಆಮೇಲೆ ಚರ್ಮದ ದದ್ದು, ಚಿಕ್ಕ ವಯಸ್ಸಿನವರ ಕಣ್ಣಿಗೆ ಪೊರೆ, ಜ್ವರ ತಲೆಗೇರಿ ಸಾವು ಒಂದೊಂದೇ ವರದಿಯಾದವು. 1938ರ ಹೊಸ ಕಾನೂನು ಬಂದ ಮೇಲೆ ಅದು ಅಲ್ಲಿನ ಔಷಧಿ ಅಂಗಡಿಗಳಿಂದ ಮಾಯವಾಯಿತು.

ಕೊಬ್ಬು ಉರಿಸುವ ಹೊಸ ಔಷಧಿ ಎಂಬ ಸುದ್ದಿ ಬಂದಾಗಲೆಲ್ಲ ಈ ಹಳೆಯ ಪುಡಿಯನ್ನು ನೆನೆಯಬೇಕು. ಕೊಬ್ಬನ್ನು ಉರಿಸುವುದು ತೊಂಬತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. ಎಲ್ಲಿ ಉರಿಸಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದು ಗೊತ್ತಿರಲಿಲ್ಲ.

ಉಂಡ ಅನ್ನವಾಗಲಿ ಕೂಡಿಟ್ಟ ಕೊಬ್ಬಾಗಲಿ ಕೊನೆಗೆ ಉರಿಯುವುದು ಬಹುಪಾಲು ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳಲ್ಲಿ. ಆ ಉರಿತದ ಬಲದಿಂದ ಪ್ರೋಟಾನುಗಳು ಒಂದು ತೆಳುಪೊರೆಯ ಆಚೆಗೆ ತಳ್ಳಲ್ಪಟ್ಟು ಅಲ್ಲಿ ಒತ್ತೊತ್ತಾಗಿ ಸೇರುತ್ತವೆ. ಲಿಂಗನಮಕ್ಕಿಯಲ್ಲಿ ಶರಾವತಿಯ ನೀರು ನಿಂತ ಹಾಗೆ ಎನ್ನಿ. ನೀರು ಕೆಳಗೆ ಧುಮುಕುವಾಗ ಟರ್ಬೈನು ತಿರುಗಿ ವಿದ್ಯುತ್ತು ಹುಟ್ಟುತ್ತದೆ. ಪ್ರೋಟಾನುಗಳು ಹಿಂದಕ್ಕೆ ನುಗ್ಗುವಾಗ ಒಂದು ಕಿಣ್ವ ತಿರುಗಿ ಎಟಿಪಿ ಹುಟ್ಟುತ್ತದೆ. ದೇಹದ ಹೆಚ್ಚಿನ ಕೆಲಸಗಳು ಈ ಎಟಿಪಿಯಿಂದಲೇ ನಡೆಯುತ್ತವೆ. ಬ್ರಿಟನ್ನಿನ ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ನಂಬಿದವರು ಕಡಿಮೆ. 1978ರಲ್ಲಿ ನೊಬೆಲ್ ಸಿಕ್ಕಿತು. ಡಿಎನ್‌ಪಿ ಮಾಡುವುದು ಅಣೆಕಟ್ಟೆಗೆ ಕನ್ನ ಹಾಕುವ ಕೆಲಸ. ನೀರು ಹರಿಯುತ್ತದೆ, ಟರ್ಬೈನು ತಿರುಗುವುದಿಲ್ಲ, ಶಕ್ತಿಯೆಲ್ಲ ಬಿಸಿಯಾಗಿ ಪೋಲು. ಎಟಿಪಿ ಸಾಲದೆ ಜೀವಕೋಶ ಇನ್ನಷ್ಟು ಕೊಬ್ಬು ಸುಡುತ್ತದೆ. ಮಿದುಳು, ಹೃದಯ, ಸ್ನಾಯು ಎಂದು ಭೇದವಿಲ್ಲದೆ ಎಲ್ಲೆಡೆ ಹೀಗಾಗುತ್ತದೆ. ಪ್ರಮಾಣ ಸ್ವಲ್ಪ ಮೀರಿದರೂ ಮೈ ಕಾದು ಜೀವ ಹೋಗಬಹುದು. ಇದಕ್ಕೆ ಪ್ರತ್ಯೌಷಧಿ ಇಲ್ಲ. ಹೀಗಿದ್ದೂ ಇಂಟರ್‌ನೆಟ್‌ನಲ್ಲಿ ಕದ್ದು ಮಾರುವವರಿದ್ದಾರೆ, ಕೊಂಡು ಸತ್ತವರಿದ್ದಾರೆ.

ಈಚಿನ ಸಂಶೋಧನೆ ಇಡೀ ಮೈಯನ್ನು ಬಿಟ್ಟು ಲಿವರ್ ಒಂದನ್ನೇ ಗುರಿ ಮಾಡಿಕೊಂಡಿದೆ. ಮಧುಮೇಹ, ಬೊಜ್ಜು ಇರುವವರಲ್ಲಿ ಕೊಬ್ಬು ಲಿವರಿನೊಳಗೆ ಸೇರಿಕೊಳ್ಳುತ್ತದೆ. ಕೆಲವರಲ್ಲಿ ಅದು ಉರಿಯೂತವಾಗಿ, ಗಾಯದ ಕಲೆಗಟ್ಟಿ, ಸಿರೋಸಿಸ್‌ವರೆಗೂ ಹೋಗುತ್ತದೆ. ನೋಡಲು ತೆಳ್ಳಗಿದ್ದೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡವರು ನಮ್ಮಲ್ಲಿ ಬಹಳ. ಕುಡಿತದ ಅಭ್ಯಾಸವೇ ಇಲ್ಲದವರಿಗೆ ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದರೆ ಮನೆಯವರು ಅನುಮಾನದಿಂದ ನೋಡುವುದೂ ಉಂಟು, ಪಾಪ.

ಥೈರಾಯ್ಡ್ ಹಾರ್ಮೋನು ಲಿವರಿಗೆ ಕೊಬ್ಬು ಉರಿಸಲು ಹೇಳುತ್ತದೆ. ಆದರೆ ಅದನ್ನೇ ಹೆಚ್ಚಾಗಿ ಕೊಟ್ಟರೆ ಎದೆಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ದಾರಿ ತೋರಿಸಿದ್ದು ಒಂದು ಸಣ್ಣ ವ್ಯತ್ಯಾಸ: ಹಾರ್ಮೋನನ್ನು ಹಿಡಿಯುವ ಗ್ರಾಹಕಗಳಲ್ಲಿ ಹೃದಯದಲ್ಲಿ ಹೆಚ್ಚಿರುವುದು ಆಲ್ಫಾ, ಲಿವರಿನಲ್ಲಿ ಹೆಚ್ಚಿರುವುದು ಬೀಟಾ. ಬೀಟಾವನ್ನೇ ಹೆಚ್ಚಾಗಿ ತಟ್ಟುವ ರೆಸ್ಮೆಟಿರಾಮ್ ಮಾತ್ರೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಂದು ವರ್ಷದ ಪರೀಕ್ಷೆಯಲ್ಲಿ 100 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 30 ಮಂದಿಯ ಉರಿಯೂತ ಇಳಿದಿತ್ತು. ಬರೀ ಹುಸಿಮಾತ್ರೆ ನುಂಗಿದವರಲ್ಲಿ ಸುಮಾರು 10. ಕಲೆ ಕಡಿಮೆಯಾದವರು 26, ಹುಸಿಮಾತ್ರೆಯ ಗುಂಪಿನಲ್ಲಿ 14. ಪ್ರಯೋಜನವಿದೆ, ಪವಾಡವಿಲ್ಲ. ಇನ್ನೊಂದು ತಮಾಷೆ, ಕೊಬ್ಬು ಉರಿಸುವ ಈ ಮಾತ್ರೆಯಿಂದ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತಕ್ಕಡಿ ನೋಡಿ ಅಳೆಯುವವರಿಗೆ ಇದು ಸೋತ ಔಷಧಿ.

ಲಿವರಿನ ಕೊಬ್ಬು ಇಳಿದರೆ ಎಲ್ಲವೂ ಸರಿಹೋಯಿತು ಎನ್ನಲೂ ಆಗದು. ಲಿವರಿನಲ್ಲಿ ಹೊಸ ಕೊಬ್ಬು ತಯಾರಾಗುವುದನ್ನು ತಡೆದು ಇದ್ದದ್ದನ್ನು ಉರಿಸಲು, ಎಸಿಸಿ ಎಂಬ ಕಿಣ್ವವನ್ನು ಅಡಗಿಸುವ ಔಷಧಿಗಳು ಪ್ರಯೋಗಕ್ಕೆ ಬಂದವು. ಲಿವರ್ ಹಗುರಾಯಿತು, ರಕ್ತದ ಟ್ರೈಗ್ಲಿಸರೈಡ್ ಏರಿತು. ಇತ್ತ ಡಿಎನ್‌ಪಿಯೂ ವೇಷ ಬದಲಿಸಿ ಬಂದಿದೆ: ದೇಹದೊಳಗೆ ನಿಧಾನವಾಗಿ ಅದನ್ನೇ ಬಿಡುಗಡೆ ಮಾಡುವ ಎಚ್‌ಯು6 ಎಂಬ ಔಷಧಿಯ ಪ್ರಯೋಗ ಮನುಷ್ಯರ ಮೇಲೆ ನಡೆದಿದೆ. ಕುತೂಹಲದಿಂದ ನೋಡಬಹುದು, ಅವಸರದಿಂದ ನಂಬಬೇಕಿಲ್ಲ.

ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಈ ಸಾಲಿನದಲ್ಲ. ಅದು ಮುಖ್ಯವಾಗಿ ಹಸಿವನ್ನು ತಗ್ಗಿಸುತ್ತದೆ. ಊಟ ಕಡಿಮೆಯಾದಾಗ ದೇಹ ತಾನೇ ತನ್ನ ಕೊಬ್ಬನ್ನು ಬಳಸಿಕೊಳ್ಳುತ್ತದೆ. 2025ರ ಆಗಸ್ಟ್‌ನಲ್ಲಿ ಲಿವರಿನ ಈ ಕಾಯಿಲೆಗೂ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಜಿಮ್ಮುಗಳಲ್ಲಿ ಕೈ ಬದಲಾಗುವ ‘ಫ್ಯಾಟ್ ಬರ್ನರ್’ ಡಬ್ಬಿಗಳಂತೂ ಬೇರೆಯೇ ಜಾತಿ. ಅವುಗಳಲ್ಲಿ ಹೆಚ್ಚಾಗಿ ಇರುವುದು ಕೆಫೀನು, ಗ್ರೀನ್ ಟೀ ಸಾರ. ಸಾಂದ್ರವಾದ ಆ ಸಾರದಿಂದ ಲಿವರೇ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ರೆಸ್ಮೆಟಿರಾಮ್‌ಗೆ ಒಪ್ಪಿಗೆ ಸಿಕ್ಕಿರುವುದು ಕಲೆ ಮಧ್ಯಮದಿಂದ ತೀವ್ರ ಹಂತಕ್ಕೆ ಬಂದು ಇನ್ನೂ ಸಿರೋಸಿಸ್ ಆಗದವರಿಗೆ, ಅದೂ ಪಥ್ಯ ಮತ್ತು ವ್ಯಾಯಾಮದ ಜೊತೆಗೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1’ ಎಂದು ಕಂಡವರು ವೈದ್ಯರನ್ನು ಮೊದಲು ಕೇಳಬೇಕಾದದ್ದು ಈ ಮಾತ್ರೆಯನ್ನಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೊಸ್ಕ್ಯಾನ್ ತಮಗೆ ಬೇಕೇ ಎಂದು. ಹೆಚ್ಚು ತೂಕದವರು ಅದರಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿಕೊಂಡರೆ ಲಿವರಿನ ಕೊಬ್ಬೂ ಉರಿಯೂತವೂ ಇಳಿಯುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಈಗಾಗಲೇ ಇದೆ.