ಹೊಳೆದಂಡೆಯ ಮೇಕಪ್ ಬಾಕ್ಸ್

"ಸಾರ್, ಹೀರೋ ಥರ ಮುಖ ಫಳಫಳ ಹೊಳೀಬೇಕು, ಏನು ಹಚ್ಚಲಿ?" ಫಸ್ಟ್ ಷೋಗೆ ಹೊರಡೋ ಮುಂಚೆ ಬಸ್‌ಸ್ಟ್ಯಾಂಡ್ ಅಂಗಡಿಯ ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಂಡ ಪ್ರತಿಯೊಬ್ಬ ಅಭಿಮಾನಿಯ ಪ್ರಶ್ನೆ ಇದು. ತೆರೆಯ ಮೇಲಿನ ಹೊಳಪಿನಲ್ಲಿ ಅರ್ಧ ಲೈಟಿನವನದು, ಇನ್ನರ್ಧ ಮೇಕಪ್‌ನವನದು ಅಂದರೆ ಯಾರು ನಂಬ್ತಾರೆ ಹೇಳಿ! ಅದಕ್ಕೇ ಈ ವಾರ ಸ್ಟುಡಿಯೋ ಬಿಟ್ಟು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಬನ್ನಿ.

ಕಾವೇರಿ ದಂಡೆಯ ಊರು. ರಾಮೇಶ್ವರ, ಸುಬ್ರಹ್ಮಣ್ಯ, ವಹ್ನಿ ಪುಷ್ಕರಿಣಿಯ ಮೀನುಗಳು ಎಲ್ಲರಿಗೂ ಗೊತ್ತು. ಚರ್ಮದ ಕಾಯಿಲೆಗೆ ಸುಬ್ರಹ್ಮಣ್ಯನಿಗೆ ಹರಕೆ ಹೊರುವುದು ನಮ್ಮ ಕಡೆ ಹಳೇ ವಾಡಿಕೆ. ಹರಕೆ ಹೊತ್ತು ಬರೋ ದಾರಿಯ ಬೇಲಿಯಲ್ಲೇ ಬೇವು, ಲೋಳೆಸರ, ತಂಗಡಿ, ಹೊಂಗೆ, ಕುಪ್ಪಿಗಿಡ ನಿಂತಿರುತ್ತವೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ನಮ್ಮ ಹುಡುಗರಿಗೆ ಟ್ಯೂಬಿನಲ್ಲಿ ಬಂದದ್ದು ಮಾತ್ರ ಮದ್ದು!

ಮಾಡೋ ರೀತಿ ಕೇಳಿ. ಬೇವು: ಒಂದು ಹಿಡಿ ಎಲೆಯನ್ನು ಒಂದು ಚೊಂಬು ನೀರಲ್ಲಿ ಕುದಿಸಿ, ಆರಿಸಿ, ಸೋಸಿ ಮುಖ ತೊಳೀರಿ. ಲೋಳೆಸರ: ಎಲೆ ಕೊಯ್ದು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ. ಹಳದಿ ಸೋನೆ ಇಳಿದು ಹೋಗಲಿ, ಕಡಿತ ತರೋದು ಅದೇ. ಆಮೇಲೆ ತೊಳೆದು ಒಳಗಿನ ತಿರುಳು ಮಾತ್ರ ಹಚ್ಚಿ. ತಂಗಡಿ: ಹಳದಿ ಹೂವನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಒಂದು ಪಾಲಿಗೆ ನಾಲ್ಕು ಪಾಲು ಹೆಸರು ಹಿಟ್ಟು ಸೇರಿಸಿಡಿ. ಸೋಪಿನ ಬದಲು ನೀರಲ್ಲಿ ಕಲಸಿ ತಿಕ್ಕಿ, ಒಣಗಿ ಬಿರಿಯೋ ಮುಂಚೆ ತೊಳೆದುಬಿಡಿ. ಹಸಿ ತಿರುಳಾಗಲಿ ಕಲಸಿದ ಹಿಟ್ಟಾಗಲಿ ಅವತ್ತಿಂದು ಅವತ್ತಿಗೇ. ಮರುದಿನಕ್ಕೆ ಇಟ್ಟರೆ ಬೂಸ್ಟು ಹಿಡಿಯುತ್ತೆ. ಮೊಡವೆ ಇರೋರು ಕೊಬ್ಬರಿ ಎಣ್ಣೆ ಬಳಿದುಕೊಳ್ಳಬೇಡಿ. ಮೇಕಪ್ ತೆಗೆಯೋಕೆ ನಟರು ಬಳಸಿದರೂ ಅದು ರಂಧ್ರ ಮುಚ್ಚುತ್ತೆ.

"ಗಿಡಮೂಲಿಕೆ ತಾನೆ, ಏನಾಗುತ್ತೆ ಬಿಡಿ" ಅಂದಿರೋ, ಕೆಟ್ಟಿರಿ! ರಾಮನಾಥಪುರದ ಸುತ್ತ ಹೊಗೆಸೊಪ್ಪಿನ ಹೊಲ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೂ ಇಲ್ಲೇ. ಒದ್ದೆ ಎಲೆ ಕೀಳೋರಿಗೆ ತಲೆಸುತ್ತು, ವಾಂತಿ ಬರೋದುಂಟು, ಯಾಕೆ? ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುತ್ತೆ. ಅದೂ ಗಿಡವೇ ಕಣ್ರೀ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಅಗಸರು ಬಟ್ಟೆಗೆ ಗುರುತು ಹಾಕೋ ಕರಿಗೇರು, ಚಿತ್ರಮೂಲ ಎರಡೂ ಬೊಬ್ಬೆ ಎಬ್ಬಿಸುತ್ತವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಮುಖ ಸುಟ್ಟು ಕಲೆ ಬೀಳುತ್ತೆ. ಮಾಚಿಪತ್ರೆ ಅಂದುಕೊಂಡು ಕಾಂಗ್ರೆಸ್ ಗಿಡ ಕಿತ್ತು ಅರೆದರಂತೂ ಮುಗೀತು, ತುರಿಕೆ ವರ್ಷಗಟ್ಟಲೆ ಬಿಡೋಲ್ಲ. ಆದ್ದರಿಂದ ಎರಡು ಕಂಡೀಷನ್. ಗೊತ್ತಿಲ್ಲದ ಗಿಡ, ಔಷಧಿ ಹೊಡೆದ ಹೊಲದ ಬದುವಿನ ಗಿಡ ಮುಟ್ಟಬೇಡಿ. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಮಡಿಕೆಗೆ ಹಚ್ಚಿ, ಒಂದು ದಿನ ಕಾದು ನೋಡಿ.

ಈಗ ಅಸಲಿ ವಿಷಯ. ನಿಮಗೆ ಬೇಕಾಗಿರೋದು ಶುಚಿಯಾದ ಮುಖವೋ, ಬಿಳೀ ಮುಖವೋ? ಬಿಳೀದು ಅಂತಾದರೆ ಯಾವ ಗಿಡವೂ ಕೊಡೋಲ್ಲ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. ಗಂಡಸರಿಗೂ ಇರಲಿ ಅಂತ 2005ರಲ್ಲಿ ಫೇರ್ ಅಂಡ್ ಹ್ಯಾಂಡ್ಸಮ್ ಬಂತು, ಷಾರುಖ್ ಖಾನ್ ಜಾಹೀರಾತಿನಲ್ಲಿ ನಿಂತರು. 2020ರಲ್ಲಿ ಮೊದಲನೆಯದು ಹೆಸರಿನಿಂದ 'ಫೇರ್' ಕಿತ್ತು 'ಗ್ಲೋ' ಅಂಟಿಸಿಕೊಂಡಿತು. ಹುಡುಗರ ಚಿಂತೆ ಮಾತ್ರ ಹಾಗೇ ಉಳೀತು.

ಆ ಚಿಂತೆಯಲ್ಲೇ ಕೆಲವರು ಚೀಟಿ ಇಲ್ಲದೆ ಸ್ಟೀರಾಯ್ಡ್ ಮುಲಾಮು ತಂದು ಬಳೀತಾರೆ. ಮೊದಲ ವಾರ ಮುಖ ಬೆಳ್ಳಗೆ, ಗೆಳೆಯರಿಂದ ಶಹಬಾಸ್! ಆಮೇಲೆ ಚರ್ಮ ತೆಳುವಾಗಿ, ಕೆಂಪು ನರ ಎದ್ದು, ಮೊಡವೆ ಹೆಚ್ಚಿ, ಬಿಟ್ಟರೆ ಉರಿ, ಬಿಡದಿದ್ದರೆ ಹಾಳು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಇದಕ್ಕೇ. ಗಂಟುಗಂಟಾಗಿ ನೋಯುವ ಮೊಡವೆಗೆ ಬೇವಿನ ನೀರು ಸಾಲದು. ಕಲೆ ಉಳಿಯೋ ಮುಂಚೆ ಹಾಸನದ ಸರ್ಕಾರಿ ಆಸ್ಪತ್ರೆಯ ಚರ್ಮ ವೈದ್ಯರಿಗೆ ತೋರಿಸಿ, ಸಂಕೋಚ ಬೇಡ.

ಬಣ್ಣದ ಮಾತಿಗೆ ನಮ್ಮ ತೆರೆಯೇ ಉತ್ತರ ಕೊಟ್ಟಿದೆ. ಬೆಂಗಳೂರು ಬಸ್ಸಿನಲ್ಲಿ ಟಿಕೆಟ್ ಹರೀತಿದ್ದ ಕಪ್ಪು ಹುಡುಗ ಶಿವಾಜಿರಾವ್ 1975ರಲ್ಲಿ ರಜನೀಕಾಂತ್ ಆಗಿ ತಮಿಳು ತೆರೆಗೆ ಬಂದ. ಮರುವರ್ಷ 'ಕಥಾಸಂಗಮ'ದಲ್ಲಿ ಅವನನ್ನು ಕನ್ನಡಕ್ಕೆ ತಂದವರು ಪುಟ್ಟಣ್ಣ ಕಣಗಾಲ್. ರಾಮನಾಥಪುರದ ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನವರೇ ಅವರು! 2007ರಲ್ಲಿ 'ದುನಿಯಾ' ಬಂದಾಗ ವಿಜಯ್ ಮುಖದ ಬಣ್ಣ ನೋಡಿ ಯಾರಾದರೂ ಟಿಕೆಟ್ ವಾಪಸ್ ಕೊಟ್ಟರೇ? ಸಿಳ್ಳೆ ಹೊಡೆದವರು ನೀವೇ ಅಲ್ಲವೇ!

ಮುಖ ತೊಳೀರಿ, ಮೊಡವೆ ಚಿವುಟಬೇಡಿ, ಬಿಸಿಲಿಗೆ ಟೋಪಿ ಹಾಕಿ. ಮುಲಾಮಿನ ದುಡ್ಡು ಉಳಿದರೆ ಬಾಲ್ಕನಿ ಟಿಕೆಟ್ ತಗೊಳ್ಳಿ. ಮುಂದಿನ ವಾರ ಸಿಗೋಣ.