ಸೋತವನ ಗುಡಿ

ಕಳೆದ ಬೇಸಗೆಯ ರಜೆಯಲ್ಲಿ ಹೊಳಲ್ಕೆರೆಯ ನಮ್ಮ ಬಂಧುಗಳೊಬ್ಬರು ದುರ್ಗಕ್ಕೆ ಬಂದು ನಾಲ್ಕು ದಿನ ನಮ್ಮ ಮನೆಯಲ್ಲಿ ತಂಗಿದ್ದರು. ಅವರ ಸಂಗಡ ಹದಿನಾರು ವರ್ಷದ ಮಗಳು ಬಂದಿದ್ದಳು. ಮಗಳ ಸಂಗಡ ಒಂದು ಇಂಗ್ಲಿಷ್ ಕಾದಂಬರಿಯೂ ಬಂದಿತ್ತು. ಊಟಕ್ಕೆ ಕರೆದರೆ ಆಕೆಗೆ ಕೇಳಿಸದು. ದೀಪ ಆರಿಸಿದರೆ ಹೊದ್ದಿಕೆಯ ಒಳಗಿನಿಂದ ಮೊಬೈಲಿನ ಬೆಳಕು. ಮೂರನೆಯ ದಿನ ತಂದೆಯ ಸಹನೆ ತೀರಿತು. ಪುಸ್ತಕವನ್ನು ಕಸಿದು ತಂದು ನನ್ನ ಮೇಜಿನ ಮೇಲಿಟ್ಟು, “ಹತ್ತು ಪುಟ ನೋಡಿದೆ, ಎದೆ ಝಲ್ಲೆಂದಿತು. ನೀವು ಸಾಹಿತ್ಯ ಬಲ್ಲವರು. ಇದನ್ನು ಮಕ್ಕಳು ಓದಬಹುದೆ, ಹೇಳಿಬಿಡಿ” ಎಂದರು. ನ್ಯಾಯಪೀಠವು ಅಯಾಚಿತವಾಗಿ ದೊರೆತಾಗ ಬೇಡವೆನ್ನುವ ಅಧ್ಯಾಪಕನುಂಟೆ? ರಾತ್ರಿ ಊಟವಾದ ಮೇಲೆ ಹಿಡಿದ ಪುಸ್ತಕವನ್ನು ನಾನು ಕೆಳಗಿಟ್ಟಾಗ ಕೋಳಿ ಕೂಗಿತ್ತು.

ಪುಸ್ತಕದ ಹೆಸರು ‘ದಿ ಕಾಲ್’, ‘ಕರೆ’ ಎನ್ನೋಣ. ಬರೆದವರು ಪೀಡರ್ ಓ ಗಿಲಿನ್ ಎಂಬ ಐರ್ಲೆಂಡಿನ ಲೇಖಕರು, ಪ್ರಕಟವಾದದ್ದು 2016ರಲ್ಲಿ. ತರುಣರಿಗೆಂದು ಬರೆದ ಕಿನ್ನರಕಥೆ. ಕಿನ್ನರರೆಂದೊಡನೆ ನಮಗೆ ನೆನಪಾಗುವವರು ‘ಚಂದಮಾಮ’ದ ಬಣ್ಣದ ಚಿತ್ರಗಳಲ್ಲಿ ರೆಕ್ಕೆ ಬೀಸಿ ಹೂವಿನ ಮೇಲೆ ಇಳಿಯುತ್ತಿದ್ದ ಸುಂದರಿಯರು. 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆ ಈಗಿಲ್ಲ. ಆದರೆ ಆ ರೆಕ್ಕೆಗಳು ನಮ್ಮ ತಲೆಯಿಂದ ಹೋಗಿಲ್ಲ. ಐರ್ಲೆಂಡಿನ ‘ಶೀ’ಗಳು ಆ ಜಾತಿಯವರಲ್ಲ. ಅವರು ರೂಪವಂತರು, ನಗುಮುಖದವರು, ಕೊಟ್ಟ ಮಾತಿಗೆ ತಪ್ಪದವರು, ಮತ್ತು ಹೇಳತೀರದ ಕ್ರೂರಿಗಳು. ಅಲ್ಲಿಯ ಹಳ್ಳಿಗರು ಅವರ ಹೆಸರೆತ್ತಲು ಅಂಜಿ ‘ಒಳ್ಳೆಯ ಜನ’ ಎಂದು ಕರೆಯುತ್ತಿದ್ದರಂತೆ. ನಮ್ಮ ಅಜ್ಜಿಯರು ಕತ್ತಲಾದ ಮೇಲೆ ಹಾವನ್ನು ‘ಹುಳ’ ಎನ್ನುತ್ತಿದ್ದ ಹಾಗೆ.

ಕಥೆಯ ಹಂದರ ಹೀಗಿದೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಹಡಗಿನಲ್ಲಿ ಬಂದು ಐರ್ಲೆಂಡನ್ನು ಗೆದ್ದು, ಅಲ್ಲಿ ಮೊದಲೇ ನೆಲೆಸಿದ್ದ ಶೀಗಳನ್ನು ಬೂದುಬಣ್ಣದ ಒಂದು ನರಕಕ್ಕೆ ತಳ್ಳಿದರು. ಈಗ ಅವರ ಸೇಡಿನ ಕಾಲ. ದ್ವೀಪವನ್ನು ಮಂಜು ಮುಚ್ಚಿ ಹೊರಜಗತ್ತಿನ ಸಂಪರ್ಕ ಕಡಿದುಹೋಗಿದೆ. ಹದಿಹರೆಯದ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಕರೆ ಬರುತ್ತದೆ. ಊಟದ ಎಲೆಯ ಮುಂದಿದ್ದರೂ ಸರಿ, ಪಾಠದ ನಡುವೆಯಾದರೂ ಸರಿ, ಹುಡುಗನೋ ಹುಡುಗಿಯೋ ಇದ್ದಲ್ಲಿಂದ ಮಾಯ. ಉಟ್ಟ ಬಟ್ಟೆ ಮಾತ್ರ ನೆಲಕ್ಕೆ ಬೀಳುತ್ತದೆ. ಇಲ್ಲಿ ಕಳೆಯುವುದು 3 ನಿಮಿಷ 4 ಸೆಕೆಂಡು. ಅಲ್ಲಿ ಅದು ಒಂದು ಇಡೀ ದಿನ. ಆ ದಿನವೆಲ್ಲ ಶೀಗಳು ಬೇಟೆಯಾಡುತ್ತಾರೆ. ಹತ್ತು ಮಕ್ಕಳಲ್ಲಿ ಜೀವಸಹಿತ ಮರಳುವುದು ಒಂದು. ಆದ್ದರಿಂದ ಶಾಲೆಗಳೆಲ್ಲ ಓಡುವುದನ್ನೂ ಬಡಿದಾಡುವುದನ್ನೂ ಕಲಿಸುವ ಗರಡಿಗಳಾಗಿವೆ. ಅಂಥ ಶಾಲೆಯಲ್ಲಿರುವ ನೆಸ್ಸಾ ಎಂಬ ಹುಡುಗಿಗೆ ಪೋಲಿಯೋದಿಂದ ಕಾಲುಗಳು ಸೊರಗಿವೆ. ಈಕೆ ಉಳಿಯುವಳೆಂದು ಯಾರೂ ನಂಬಿಲ್ಲ, ಆಕೆಯೊಬ್ಬಳ ಹೊರತು. ತೋಳಿಗೆ ಬಲ ತಂದುಕೊಳ್ಳುತ್ತಾಳೆ. ಮರದ ಕೊಂಬೆಯನ್ನೇ ಊರುಗೋಲಾಗಿಸಿ ಓಡಲು ಕಲಿಯುತ್ತಾಳೆ. ಮುಂದಿನದನ್ನು ಹೇಳಿದರೆ ಓದಬೇಕೆಂದಿರುವವರ ಶಾಪಕ್ಕೆ ಗುರಿಯಾದೇನು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಶೀಗಳು ಮನುಷ್ಯರ ಮೈಯನ್ನು ಜೇಡಿಮಣ್ಣಿನಂತೆ ತಿರುಚಿ ಆಡುವ ಪ್ರಸಂಗಗಳು ಎರಡಿದ್ದರೆ ಸಾಕಾಗಿತ್ತು, ಲೇಖಕರಿಗೆ ಸಾಲದಾಯಿತು. ಆದರೆ ನಮ್ಮ ಬಂಧುಗಳ ಆಕ್ಷೇಪಣೆ ಮಕ್ಕಳಿಗೆ ಇಷ್ಟು ಘೋರವನ್ನು ಹೇಳಬಹುದೆ ಎಂಬುದು. ನಾನು ಅವರನ್ನು ಒಂದು ಪ್ರಶ್ನೆ ಕೇಳಿದೆ: “ಬಕಾಸುರನ ಕಥೆಯನ್ನು ನೀವು ಮಗಳಿಗೆ ಎಷ್ಟನೆಯ ವಯಸ್ಸಿನಲ್ಲಿ ಹೇಳಿದಿರಿ?”

“ನಾಲ್ಕೋ ಐದೋ” ಎಂದರು.

ಏಕಚಕ್ರ ನಗರದಲ್ಲಿಯೂ ಸರದಿಯೇ ಅಲ್ಲವೆ? ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಇದು ಮನೆಗೆ ಬರುವ ಕರೆ. ಕಥೆ ಕೇಳುವ ಮಕ್ಕಳು ಭೀಮನು ಅನ್ನದ ರಾಶಿಯನ್ನು ಉಣ್ಣುವುದನ್ನು ಕೇಳಿ ನಗುತ್ತಾರೆ. ವ್ಯಾಸರಾದರೋ ಅದಕ್ಕೆ ಮುಂಚೆ ಸರದಿ ಬಂದ ಮನೆಯೊಳಗೆ ನಮ್ಮನ್ನು ಕೂರಿಸಿಬಿಡುತ್ತಾರೆ. ತಂದೆ ನಾನು ಹೋಗುವೆನೆನ್ನುತ್ತಾನೆ, ತಾಯಿ ನಾನೆನ್ನುತ್ತಾಳೆ, ಮಗಳು ನಾನೆನ್ನುತ್ತಾಳೆ. ಮೂವರೂ ಅಳುತ್ತಿರುವಾಗ, ಇನ್ನೂ ಸರಿಯಾಗಿ ಮಾತು ಬಾರದ ಪುಟ್ಟ ಮಗನು ಒಂದು ಹುಲ್ಲುಕಡ್ಡಿಯನ್ನು ಹಿಡಿದು ಬಂದು ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆನ್ನುತ್ತಾನೆ. ಅಳುತ್ತಿದ್ದವರಿಗೂ ನಗು ಬರುತ್ತದೆ. ನೆಸ್ಸಾಳ ಊರುಗೋಲನ್ನು ಕಂಡಾಗ ನನಗೆ ಆ ಹುಲ್ಲುಕಡ್ಡಿಯ ನೆನಪಾಯಿತು. ಘೋರವನ್ನು ಮಕ್ಕಳಿಂದ ಬಚ್ಚಿಡುವುದು ನಮ್ಮ ಹಿರಿಯರ ಸಂಪ್ರದಾಯವಾಗಿರಲಿಲ್ಲ. ಇಷ್ಟನ್ನು ಹೇಳಿ ಪುಸ್ತಕವನ್ನು ಆಕೆಗೆ ಹಿಂದಿರುಗಿಸಿದೆ. ತಂದೆಯ ಮುಖ ಪೂರ್ತಿ ಅರಳಲಿಲ್ಲ.

ಮರುದಿನ ಕೋಟೆಗೆ ಹೊರಟೆವು. ಏಳು ಸುತ್ತಿನ ಕೋಟೆಗೆ ಬಂದವರು ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ತ. ರಾ. ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದವರು ಮದಕರಿ ನಾಯಕರನ್ನು ನೆನೆದು ನಿಟ್ಟುಸಿರಿಡುತ್ತಾರೆ. ಹಿಡಿಂಬೇಶ್ವರನ ಗುಡಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವವರು ಕಡಮೆ. ಬೆಟ್ಟದ ಮೇಲಿನ ಗುಡಿಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದದ್ದು ಇದೇ. ಪಾಂಡವರು ಅರಗಿನ ಮನೆಯಿಂದ ತಪ್ಪಿಸಿಕೊಂಡು ಬಂದು ಮಲಗಿದ ಅಡವಿ ಇದೇ ಎಂದೂ, ಹಿಡಿಂಬಾಸುರನು ಇಲ್ಲಿಯೇ ವಾಸವಾಗಿದ್ದು ಭೀಮನ ಕೈಯಲ್ಲಿ ಮಡಿದನೆಂದೂ ಸ್ಥಳದ ಐತಿಹ್ಯ. ಹಿಡಿಂಬನ ಹಲ್ಲೆನ್ನುವ ಒಂದು ಎಲುಬು, ಭೀಮನ ಭೇರಿಯೆನ್ನುವ ಕಬ್ಬಿಣದ ತಗಡಿನ ಒಂದು ಉರುಳೆ ಈ ಗುಡಿಗೆ ಸೇರಿದವು. ಉರುಳೆಯ ಎತ್ತರ 6 ಅಡಿ, ಸುತ್ತಳತೆ 10 ಅಡಿ ಎಂದು ಹಳೆಯ ಗ್ಯಾಸೆಟಿಯರು ಅಳೆದು ಬರೆದಿದೆ. ಆ ಎಲುಬು ಯಾವ ಪ್ರಾಣಿಯದೆಂಬ ವಿಚಾರ ಪ್ರಾಣಿಶಾಸ್ತ್ರದ ಅಧ್ಯಾಪಕರಿಗಿರಲಿ.

ಹುಡುಗಿ ಕಲ್ಲಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ಗೆದ್ದವನು ಭೀಮ. ಗುಡಿ ಹಿಡಿಂಬನ ಹೆಸರಿನಲ್ಲಿ ಏಕಿದೆ?”

ಮೂರು ವರ್ಷ ಈ ಗುಡಿಯ ಮುಂದೆಯೇ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಒಳಗಿರುವುದು ಶಿವಲಿಂಗವೇ, ನಿಜ. ಆದರೆ ಈಶ್ವರನ ಹಿಂದೆ ಜೋಡಿಸಿರುವ ಹೆಸರು ಸೋತವನದು. ಬೆಟ್ಟಕ್ಕೆ ಬಂದು ನೆಲೆಸಿದವರಿಗೆ ಇಲ್ಲಿ ನಮಗಿಂತ ಮುಂಚೆ ಒಬ್ಬನಿದ್ದನೆಂಬ ಅರಿವು ಇದ್ದಿರಬೇಕು. ಅವನನ್ನು ಓಡಿಸಿಬಿಟ್ಟೆವೆಂದು ನಿಶ್ಚಿಂತರಾಗಿರುವ ಧೈರ್ಯ ಅವರಿಗಿರಲಿಲ್ಲ. ಅದು ಭಯವೋ, ದಾಕ್ಷಿಣ್ಯವೋ, ಎರಡೂ ಬೆರೆತದ್ದೋ. ಐರ್ಲೆಂಡಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ಸಂಕಲಿತವಾದ ದಂಡಯಾತ್ರೆಗಳ ಗ್ರಂಥವೊಂದಿದೆ. ಒಂದರ ಮೇಲೊಂದು ಜನಾಂಗ ಬಂದು ಹಿಂದಿನವರನ್ನು ಸೋಲಿಸಿದ ಪುರಾಣ ಅದು; ಕಾದಂಬರಿಯ ಬೇರು ಇಂಥ ಪುರಾಣದಲ್ಲಿಯೇ ಇದೆ. ಸೋತ ದೇವತೆಗಳು ಮಣ್ಣಿನ ದಿಬ್ಬಗಳೊಳಗೆ ಸೇರಿದರೆಂಬುದು ಅಲ್ಲಿಯ ನಂಬಿಕೆ. ಶೀ ಎಂಬ ಮಾತಿಗೆ ಮೂಲಾರ್ಥವೇ ದಿಬ್ಬ. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನಿನಲ್ಲಿ ಹೆದ್ದಾರಿಗೆ ಅಡ್ಡವಾದ ಒಂದು ಮುಳ್ಳುಮರವನ್ನು ಕಡಿಯಬಾರದು, ಅದು ಶೀಗಳದು ಎಂದು ಎಡಿ ಲೆನಿಹಾನ್ ಎಂಬ ಕಥೆಗಾರರು ಪತ್ರಿಕೆಗಳಿಗೆ ಬರೆದು ಕೋಲಾಹಲವೆಬ್ಬಿಸಿದರು. ಮರ ಉಳಿಯಿತು. ಮಾರಮ್ಮನ ಬೇವಿನ ಮರವನ್ನು ಬಳಸಿ ಹೋಗುವ ರಸ್ತೆಗಳನ್ನು ಕಂಡಿರುವ ನಮಗೆ ಇದು ಹೊಸದಲ್ಲ.

ಮಾರಮ್ಮನ ಮಾತು ಬಂದುದರಿಂದ ಹಿರಿಯೂರನ್ನೂ ನೆನೆಯುತ್ತೇನೆ. 1898ರಿಂದ 1907ರವರೆಗೆ ವೇದಾವತಿಗೆ ಕಟ್ಟಿದ ಅಣೆಕಟ್ಟಿಗೆ ಸರ್ಕಾರವು ಮಹಾರಾಣಿಯವರ ಹೆಸರನ್ನಿಟ್ಟು ವಾಣಿವಿಲಾಸಸಾಗರ ಎಂದಿತು. ಜನ ಇಂದಿಗೂ ಮಾರಿಕಣಿವೆಯೆಂದೇ ಎನ್ನುತ್ತಾರೆ. ಕಣಿವೆಯ ಮೊದಲ ಒಡತಿ ಕಣಿವೆ ಮಾರಮ್ಮ. ಆಕೆಯ ಗುಡಿ ಕಟ್ಟೆಯ ಬಳಿ ಇದೆ, ಪೂಜೆ ನಿಂತಿಲ್ಲ. 2022ರಲ್ಲಿ 89 ವರ್ಷಗಳ ತರುವಾಯ ಕೋಡಿ ಹರಿದಾಗ ಹಿರಿಯೂರಿನ ಕಡೆ ಬಾಗಿನದ ಸಂಭ್ರಮ. ಅದೇ ನೀರು ಹಿಂದಕ್ಕೆ ಸರಿದು ಹೊಸದುರ್ಗದ ಕಡೆ ತೋಟ ಗದ್ದೆಗಳನ್ನು ಮುಳುಗಿಸಿತ್ತು. ಒಂದೇ ನೀರಿನ ಎರಡು ಕಥೆಗಳು ಇವು. ಕೇಳಿದ್ದನ್ನು ನಂಬುವುದು ನಾವು ಕಟ್ಟೆಯ ಯಾವ ಬದಿಯಲ್ಲಿ ನಿಂತಿದ್ದೇವೆಂಬುದನ್ನು ಅವಲಂಬಿಸಿದೆ.

ಹಾಗೆಂದು ನಾವು ಐರಿಷರಿಗಿಂತ ಉದಾರಿಗಳೆಂದು ಬೀಗುವಂತಿಲ್ಲ. ಹಿಡಿಂಬನ ತಂಗಿ ಹಿಡಿಂಬೆ ಭೀಮನನ್ನು ಒಲಿದು, ಅಣ್ಣನ ಉದ್ದೇಶವನ್ನು ಅವನಿಗೆ ಮೊದಲೇ ತಿಳಿಸಿದವಳು. ಅಣ್ಣನನ್ನು ಕೊಂದ ಭೀಮನು ಅವಳನ್ನೂ ಕೊಲ್ಲಹೊರಟಾಗ ತಡೆದವನು ಧರ್ಮರಾಯ. ಮದುವೆಯಾಯಿತು, ಘಟೋತ್ಕಚ ಹುಟ್ಟಿದ, ಸೊಸೆಯನ್ನು ಅಡವಿಯಲ್ಲಿಯೇ ಬಿಟ್ಟು ಪಾಂಡವರು ಮುಂದೆ ನಡೆದರು. ಮಗನಿಗೆ ಕರೆ ಬಂದದ್ದು ಕುರುಕ್ಷೇತ್ರದಿಂದ. ಹದಿನಾಲ್ಕನೆಯ ದಿನದ ರಾತ್ರಿ, ಅರ್ಜುನನಿಗೆಂದು ಕರ್ಣನು ಕಾದಿರಿಸಿದ್ದ ಶಕ್ತ್ಯಾಯುಧಕ್ಕೆ ಅವನು ಎದೆಯೊಡ್ಡಿ ಬಿದ್ದ. ಬೀಳುವಾಗಲೂ ಮೈಯನ್ನು ಹಿಗ್ಗಿಸಿ ಶತ್ರುಸೇನೆಯ ಮೇಲೆಯೇ ಬಿದ್ದ. ಪಾಂಡವರು ಅಳುತ್ತಿರಲು ಕೃಷ್ಣನು ಹರ್ಷದಿಂದ ಕುಣಿದನಂತೆ. ಕರ್ಣನು ಕೊಲ್ಲದಿದ್ದರೆ ಇವನನ್ನು ನಾನೇ ಕೊಲ್ಲಬೇಕಾಗುತ್ತಿತ್ತೆಂದೂ ಹೇಳಿದನೆಂದು ದ್ರೋಣಪರ್ವದಲ್ಲಿದೆ. ನನ್ನ ತರಗತಿಯಲ್ಲಿ ಈ ಭಾಗಕ್ಕೆ ಬಂದಾಗ ಒಂದು ಕ್ಷಣ ಯಾರೂ ಮಾತನಾಡುವುದಿಲ್ಲ. ಶೀಗಳ ಸೇಡಿನ ಕಥೆಯನ್ನು ಬರೆದ ಓ ಗಿಲಿನ್ ಅವರಿಗೆ ಈ ತಾಯಿಯ ಮೌನ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ! ಕನ್ನಡದಲ್ಲಿ ಹದಿನಾರರ ಓದುಗರಿಗಾಗಿ ಯಾರಾದರೂ ಹಿಡಿಂಬೆಯ ಕಡೆಯಿಂದ ಈ ಕಥೆಯನ್ನು ಬರೆಯಬಾರದೆ? ಸಾಮಗ್ರಿಗೆ ದೂರ ಹೋಗಬೇಕಾಗಿಲ್ಲ, ಬೆಟ್ಟ ಹತ್ತಿದರಾಯಿತು.

ಇಳಿಯುವಾಗ ಹುಡುಗಿ ಮತ್ತೆ ಕೇಳಿದಳು: “ಅಣ್ಣನಿಗೇನೋ ಇಲ್ಲಿ ಗುಡಿಯಾಯಿತು. ತಂಗಿಗೆ?”

“ಆಕೆಗೆ ಹಿಮಾಚಲದ ಮನಾಲಿಯಲ್ಲಿದೆ. 1553ರಲ್ಲಿ ಕಟ್ಟಿದ ಮರದ ಗುಡಿ, ದೇವದಾರುಗಳ ನಡುವೆ.”

“ಅಷ್ಟು ದೂರವೆ?” ಎಂದಳು. ಆಮೇಲೆ ತಂದೆಯ ಕಡೆಗೆ ತಿರುಗಿ, ಕರೆಯ ಎರಡನೆಯ ಭಾಗ 2018ರಲ್ಲಿಯೇ ಬಂದಿದೆಯೆಂದೂ, ಅದನ್ನು ತರಿಸಿಕೊಡಬೇಕೆಂದೂ ಅರ್ಜಿ ಸಲ್ಲಿಸಿದಳು. ಅವರು ನನ್ನ ಮುಖ ನೋಡಿದರು. ನಾನು ಮೆಟ್ಟಿಲು ಜಾರೀತೆಂದು ನೆಲ ನೋಡುತ್ತ ಇಳಿದೆ.